ಹರಿತ ಎಷ್ಟು ದಿನ?
ಅಗ್ಗದ ಸ್ಟೀಲ್ ಚಾಕು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ನಾಲ್ಕು ದಿನ ಈರುಳ್ಳಿ ಹೆಚ್ಚುವಷ್ಟರಲ್ಲಿ ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗುತ್ತದೆ. ಅದರಲ್ಲಿ ಇಂಗಾಲ ಕಡಿಮೆ. ಅಲಗಿನ ಅಂಚು ಸವೆಯುವ ಮೊದಲೇ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರರು ಬಡಿದ ಕತ್ತಿಯಲ್ಲಿ ಸುಮಾರು ಶೇ. 0.6 ಇಂಗಾಲವಿರುತ್ತದೆ. ಕೆಂಪಗೆ ಕಾಯಿಸಿ, ಅದ್ದಿ, ಸರಿಯಾಗಿ ಹದ ಕೊಟ್ಟರೆ ಹರಿತ ಚೆನ್ನಾಗಿ ನಿಲ್ಲುತ್ತದೆ. ಒರೆಸಿಡದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಅಮೆರಿಕದ ಎಸ್30ವಿ ಉಕ್ಕಿನಲ್ಲಿ ಇಂಗಾಲ ಶೇ. 1.45, ವೆನೇಡಿಯಂ ಶೇ. 4. ಇವೆರಡೂ ಕೂಡಿ ಹುಟ್ಟುವ ಕಾರ್ಬೈಡ್ ಕಣಗಳು ಮಾಮೂಲಿ ಸಾಣೆಕಲ್ಲಿಗಿಂತ ಗಟ್ಟಿ. ಹಾಗಾಗಿ ಹರಿತ ಬಹುಕಾಲ ಉಳಿಯುತ್ತದೆ, ಆದರೆ ಮೊಂಡಾದ ಮೇಲೆ ಮಸೆಯಲು ವಜ್ರದ ಪುಡಿಯ ಪಟ್ಟಿ ಹುಡುಕಬೇಕು. ತೋಟವಿರುವ ಮನೆಗೆ ಕಮ್ಮಾರರ ಕತ್ತಿಯೇ ಸರಿ ಎನ್ನುತ್ತೇನೆ: ಹಿತ್ತಲ ಕಲ್ಲಿಗೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಮಸೆದರೆ ಮತ್ತೆ ಕೆಲಸಕ್ಕೆ ಸಿದ್ಧ.