ಎಂಜಿನ್ ಲೈಟು ಹತ್ತಿದ್ರೆ ಮೊದಲು ಓದಿ, ಆಮೇಲೆ ಬಿಚ್ಚಿ!

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಪುಟ್ಟ ಎಂಜಿನ್ ಚಿತ್ರ ಹತ್ತಿಕೊಂಡ ಕೂಡಲೇ ನಮ್ಮ ಕಡೆಯ ಜನ ಎರಡರಲ್ಲಿ ಒಂದು ಮಾಡ್ತಾರೆ. ಒಂದೋ "ಗಾಡಿ ಓಡ್ತಾ ಅದಲ್ಲ ಬಿಡು" ಅಂತ ತಿಂಗಳುಗಟ್ಟಲೆ ಹಾಗೇ ಓಡಿಸ್ತಾರೆ. ಇಲ್ಲಾ ಕೆಲಸ ಬಿಟ್ಟು ಮೈಸೂರಿನ ಸರ್ವೀಸ್ ಸ್ಟೇಷನ್ನಿಗೆ ಓಡ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ... ಎಲ್ಲಿಂದ ಹೊರಟ್ರೂ ಹೋಗಿ ಬರೋದಕ್ಕೆ ಒಂದು ದಿನ ಹೋಯ್ತು ಅಂತಲೇ ಲೆಕ್ಕ. ಡೀಸೆಲ್ಲು, ಊಟ, ಕೂಲಿ ಎಲ್ಲ ಬೇರೆ.

ಈ ಎರಡಕ್ಕೂ ನಡುವೆ ಮೂರನೇ ದಾರಿ ಒಂದಿದೆ, ಅದನ್ನ ಎಲ್ಲರೂ ಕಲೀಬೇಕು ಅನ್ನೋದು ನನ್ನ ವಾದ. ಲೈಟು ಯಾಕೆ ಹತ್ತಿತು ಅಂತ ಗಾಡಿಯನ್ನೇ ಕೇಳೋದು. ಅದು ಹೇಳುತ್ತೆ, ನಿಜವಾಗ್ಲೂ!

ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ ಕೈಯಾಡಿಸಿ ನೋಡಿ. ಹದಿನಾರು ಪಿನ್ನಿನ ಒಂದು ಸಾಕೆಟ್ ಸಿಗುತ್ತೆ. ಇದೇ ಓಬಿಡಿ ಪೋರ್ಟು. ಅಮೆರಿಕದಲ್ಲಿ 1996ರಿಂದಲೇ ಹೊಸ ಕಾರುಗಳಿಗೆ ಇದು ಕಡ್ಡಾಯ. ನಮ್ಮಲ್ಲಿ ಬಿಎಸ್-4 ಬಂದ ಮೇಲೆ, ಅದರಲ್ಲೂ 2013ರಿಂದೀಚೆಗೆ, ಕಾರುಗಳಲ್ಲಿ ಸರಿಯಾಗಿ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಬೈಕು ಸ್ಕೂಟರುಗಳಿಗೂ ಬಂತು (ಅವುಗಳ ಪೋರ್ಟಿನ ಆಕಾರ ಬೇರೆ, ಅಡಾಪ್ಟರ್ ವೈರು ಬೇಕಾಗುತ್ತೆ). ಇದಕ್ಕೆ ಸಿಕ್ಕಿಸೋ ಬ್ಲೂಟೂತ್ ಡಾಂಗಲ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಮುಗೀತು. ಗಾಡಿಯ ಕಂಪ್ಯೂಟರು ತನ್ನ ದೂರನ್ನ ಒಂದು ಅಕ್ಷರ, ನಾಲ್ಕು ಅಂಕಿಗಳ ಕೋಡಿನಲ್ಲಿ ಕೊಡುತ್ತೆ.

ಉದಾಹರಣೆಗೆ ಪಿ 0301 ಅಂದ್ರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ 0171 ಅಂದ್ರೆ ಪೆಟ್ರೋಲಿಗೆ ಹೋಲಿಸಿದ್ರೆ ಗಾಳಿ ಜಾಸ್ತಿ ಆಗ್ತಿದೆ. ಪಿ 0420 ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಅನುಮಾನ.

ಇಲ್ಲೊಂದು ಮುಖ್ಯವಾದ ಮಾತು. ಕೋಡು ಅನ್ನೋದು ರೋಗದ ಲಕ್ಷಣ, ರೋಗ ಅಲ್ಲ. ಜ್ವರ ಬಂದಿದೆ ಅಂತ ಥರ್ಮಾಮೀಟರ್ ಹೇಳುತ್ತೆ, ಮಲೇರಿಯಾನೋ ನೆಗಡಿನೋ ಅಂತ ಹೇಳಲ್ಲ. ದುಡ್ಡು ಕಳ್ಕೊಳ್ಳೋದು ಇಲ್ಲೇ. ಕೋಡಿನಲ್ಲಿ 'ಆಕ್ಸಿಜನ್ ಸೆನ್ಸರ್' ಅಂತ ಬಂದ್ರೆ ಸಾಕು, ಸೆನ್ಸರ್ ಬದಲಾಯಿಸಿ ಬಿಲ್ಲು ಹಾಕೋದು. ನಮ್ಮ ಸಾಫ್ಟ್‌ವೇರಿನಲ್ಲಿ ಎರರ್ ಲಾಗಿನಲ್ಲಿ ಡೇಟಾಬೇಸ್ ಅಂತ ಇದೆ ಅಂದಾಕ್ಷಣ ಹೊಸ ಸರ್ವರ್ ತಂದಂಗೆ :-)

ಪಿರಿಯಾಪಟ್ಟಣದ ಹತ್ತಿರ ಊರಿನಲ್ಲಿರೋ ನಮ್ಮ ಚಿಕ್ಕಪ್ಪನ ಕಾರಿನ ಕಥೆ ಹೀಗೇ ಆಯ್ತು. ಹೊಗೆಸೊಪ್ಪಿನ ಬ್ಯಾರನ್ ಪಕ್ಕದಲ್ಲೇ ಕಾರು ನಿಲ್ಸೋದು ಅವರ ಅಭ್ಯಾಸ. ಲೈಟು ಹತ್ತಿತು. ಒಂದು ವರ್ಕ್‌ಶಾಪಿನವರು ಗಾಡಿಗೆ ಮಿಷಿನ್ ಹಚ್ಚಿ ನೋಡಿ "ಸೆನ್ಸರ್ ಹೋಗಿದೆ, ಎಂಟು ಸಾವಿರ ಚಿಲ್ಲರೆ ಆಗುತ್ತೆ" ಅಂದ್ರಂತೆ. "ಲೇ ಮಗಾ, ಗಾಡಿ ಚೆಂದಾಗೇ ಓಡ್ತದೆ ಕಣಪ್ಪ, ಇದೊಂದು ದೀಪ ಆರಾಕಿಲ್ಲ ಅಂತದೆ" ಅಂತ ಫೋನ್ ಮಾಡಿದ್ರು. ವಾರದ ಕೊನೆಗೆ ಊರಿಗೆ ಹೋದಾಗ ಡಾಂಗಲ್ ಹಾಕಿದೆ. ಪಿ 0135. ಅಂದ್ರೆ ಆಕ್ಸಿಜನ್ ಸೆನ್ಸರಿನ ಒಳಗಿರೋ ಹೀಟರಿನ ಸರ್ಕ್ಯೂಟಿನಲ್ಲಿ ತೊಂದರೆ. ಗಮನಿಸಿ, ಅದು 'ಸರ್ಕ್ಯೂಟ್' ಅನ್ನುತ್ತೆ, 'ಸೆನ್ಸರ್ ಸತ್ತಿದೆ' ಅನ್ನಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ಹೀಟರಿನ ರೆಸಿಸ್ಟೆನ್ಸ್ ನೋಡಿದ್ವಿ. ಆರು ಓಮ್ ಚಿಲ್ಲರೆ. ಹೀಟರ್ ಸುಟ್ಟುಹೋಗಿದ್ರೆ ಮೀಟರು ಏನನ್ನೂ ತೋರಿಸ್ತಿರಲಿಲ್ಲ. ಅಂದ್ರೆ ಹೀಟರಿನ ತಂತಿ ಕಡಿದಿಲ್ಲ. ಹಾಗಾದ್ರೆ ಕರೆಂಟು ಬರ್ತಿದೆಯಾ? ಫ್ಯೂಸ್ ಸರಿಯಿತ್ತು. ಆದ್ರೆ ಸ್ಟಾರ್ಟ್ ಮಾಡಿ ನೋಡಿದಾಗ ಕನೆಕ್ಟರಿನಲ್ಲಿ 12 ವೋಲ್ಟ್ ಇಲ್ಲ. ವೈರು ಹಿಡಿದುಕೊಂಡು ಹಿಂದಕ್ಕೆ ಹೋದ್ರೆ ಬ್ಯಾಟರಿಯ ಹಿಂದೆ ಇಲಿ ಕಡಿದ ಗುರುತು! ಬ್ಯಾಟರಿ ಟರ್ಮಿನಲ್ ಬಿಚ್ಚಿ, ವೈರು ಸೇರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿದ್ವಿ. ನೂರು ರೂಪಾಯಿಯೂ ಆಗಲಿಲ್ಲ. ಕೋಡು ಅಳಿಸಿ ಬೈಲಕುಪ್ಪೆವರೆಗೆ ಒಂದು ಸುತ್ತು ಹೋಗಿ ಬಂದ್ವಿ. ಲೈಟು ಮತ್ತೆ ಹತ್ತಿಲ್ಲ. ಹೊಸ ಸೆನ್ಸರ್ ಹಾಕಿಸಿದ್ರೂ ಕಡಿದ ವೈರು ಕಡಿದೇ ಇರ್ತಿತ್ತು, ಲೈಟು ಮಾರನೇ ದಿನವೇ ವಾಪಸ್ ಬರ್ತಿತ್ತು.

ವರ್ಕ್‌ಶಾಪಿನವರೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ವೈರು ಹುಡುಕೋದಕ್ಕೆ ಎರಡು ಗಂಟೆ ಬೇಕು, ಸೆನ್ಸರ್ ಬದಲಾಯಿಸೋಕೆ ಹದಿನೈದು ನಿಮಿಷ ಸಾಕು. ಹುಡುಕಿದ ಶ್ರಮಕ್ಕೆ ನಾವು ಗಿರಾಕಿಗಳು ದುಡ್ಡು ಕೊಡಲ್ಲ, ಪಾರ್ಟಿಗೆ ಮಾತ್ರ ಕೊಡ್ತೀವಿ. ಆಗ ಪಾರ್ಟೇ ಮಾರ್ತಾರೆ. ತಪ್ಪು ಎರಡೂ ಕಡೆ ಇದೆ.

ಇದು ಬರೀ ನಮ್ಮೂರಿನ ಗೋಳಲ್ಲ. ಬಿಡಿಭಾಗಗಳನ್ನೂ ಡಯಾಗ್ನೋಸ್ಟಿಕ್ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಾರೆ ಅಂತ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗೆ ಅಂತಲೇ ಸಮಿತಿ ಮಾಡಿತು. ದೆಹಲಿಯಲ್ಲಿ ಆಗೋದು ಆಗಲಿ, ನಮ್ಮ ಹಕ್ಕನ್ನ ನಾವು ಬಳಸೋದಕ್ಕೆ ಒಂದು ಡಾಂಗಲ್ ಸಾಕು.

ಹಾಗಂತ ಎಲ್ಲಾನೂ ಮನೇಲೇ ಮಾಡಬೇಡಿ. ನನ್ನ ನಿಯಮ ಇಷ್ಟು:

* ಲೈಟು ಸುಮ್ಮನೆ ಹತ್ತಿದ್ರೆ, ಗಾಡಿ ಸರಿಯಾಗಿ ಓಡ್ತಿದ್ರೆ, ಗಾಬರಿ ಬೇಡ. ಮಿಣುಕ್ ಮಿಣುಕ್ ಅಂತ ಹೊಡೀತಿದ್ರೆ ಜೋರಾದ ಮಿಸ್‌ಫೈರ್ ಇದೆ ಅಂತ ಅರ್ಥ. ಸುಡದ ಪೆಟ್ರೋಲ್ ಹೋಗಿ ಕನ್ವರ್ಟರ್ ಸುಟ್ಟುಹೋಗುತ್ತೆ. ಸೈಡಿಗೆ ಹಾಕಿ.
* ಕೆಂಪು ಬಣ್ಣದ ಆಯಿಲ್ ಲೈಟು, ಟೆಂಪರೇಚರ್ ಲೈಟು ಬೇರೆ ವಿಷಯ. ತಕ್ಷಣ ಜಾಗ ನೋಡಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.
* ಕೋಡನ್ನ ಬರೆದುಕೊಳ್ಳದೆ ಅಳಿಸಬೇಡಿ. ಅದರ ಜೊತೆ 'ಫ್ರೀಜ್ ಫ್ರೇಮ್' ಅಂತ ಇರುತ್ತೆ, ತೊಂದರೆ ಬಂದ ಕ್ಷಣದ ಸ್ಪೀಡು, ಆರ್‌ಪಿಎಂ, ಬಿಸಿ ಎಲ್ಲ ಅದರಲ್ಲಿರುತ್ತೆ. ಅಳಿಸಿದ್ರೆ ಅದೂ ಹೋಗುತ್ತೆ.
* ಮೊದಲು ಪುಕ್ಕಟೆ ಕೆಲಸ ಮಾಡಿ. ಏರ್ ಫಿಲ್ಟರ್, ಸಡಿಲವಾದ ಕನೆಕ್ಟರ್, ಒಡೆದ ಪೈಪು, ಬ್ಯಾಟರಿ ಟರ್ಮಿನಲ್, ಇಲಿ!
* ಏರ್‌ಬ್ಯಾಗು, ಬ್ರೇಕು, ಪೆಟ್ರೋಲ್ ಲೈನು, ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ವೈರು ಮುಟ್ಟಬೇಡಿ. ವಾರಂಟಿ ಇದ್ರೆ ಓದಿ, ಬರೆದುಕೊಳ್ಳಿ, ವೈರು ಕತ್ತರಿಸಬೇಡಿ.

ಡೀಸೆಲ್ ಬಿಎಸ್-6 ಗಾಡಿಯವರಿಗೆ ಇನ್ನೊಂದು ಮಾತು. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ ಅಂತ ಎರಡೆರಡು ಕಿಲೋಮೀಟರ್ ಮಾತ್ರ ಓಡಿಸಿದ್ರೆ ಸೈಲೆನ್ಸರ್ ಲೈನಿನ ಡಿಪಿಎಫ್‌ನಲ್ಲಿ ಮಸಿ ಕಟ್ಟಿಕೊಳ್ಳುತ್ತೆ. ಮಸಿ ಸುಡೋದಕ್ಕೆ ಎಂಜಿನ್ ಬಿಸಿಯಾಗಿ, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಆಗಾಗ ಹುಣಸೂರು-ಪಿರಿಯಾಪಟ್ಟಣ ಹೈವೇಯಲ್ಲಿ ಒಂದು ಇಪ್ಪತ್ತು ನಿಮಿಷ ಬಿಡಿ.

ಇನ್ನು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರು. ಲೈಟು ಇಲ್ಲ ಅಂದಾಕ್ಷಣ ನಂಬಬೇಡಿ, ಬೆಳಗ್ಗೆಯಷ್ಟೇ ಕೋಡು ಅಳಿಸಿರಬಹುದು. ಆ್ಯಪಿನಲ್ಲಿ 'ರೆಡಿನೆಸ್' ಅಂತ ಒಂದು ಪುಟ ಇರುತ್ತೆ. ಕೋಡು ಅಳಿಸಿದ ಮೇಲೆ ಗಾಡಿ ತನ್ನ ಪರೀಕ್ಷೆಗಳನ್ನ ಮತ್ತೆ ಮೊದಲಿಂದ ಮಾಡಿಕೊಳ್ಳಬೇಕು. ಬಹುಪಾಲು 'ಅಪೂರ್ಣ' ಅಂತ ತೋರಿಸಿದ್ರೆ ಮಾರೋರನ್ನ ಎರಡು ಪ್ರಶ್ನೆ ಜಾಸ್ತಿ ಕೇಳಿ. ಬ್ಯಾಟರಿ ಬಿಚ್ಚಿದ್ರೂ ಹಾಗಾಗುತ್ತೆ, ಆದ್ರೆ ಕೇಳೋದ್ರಲ್ಲಿ ತಪ್ಪಿಲ್ಲ.

"ಎಲ್ಲರೂ ಅರ್ಧಂಬರ್ಧ ಡಾಕ್ಟರಾದ್ರೆ ಹೆಂಗೆ ಸಾರ್?" ಅಂತ ಕೆ.ಆರ್.ನಗರದ ಮೆಕ್ಯಾನಿಕ್ ಒಬ್ಬರು ನನ್ನನ್ನ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಆದ್ರೆ ನಾನು ಹೇಳ್ತಿರೋದು ಮೆಕ್ಯಾನಿಕ್ಕನ್ನ ಬಿಡಿ ಅಂತಲ್ಲ. ಅವರ ಹತ್ತಿರ ಹೋಗುವಾಗ ಕೋಡು ಬರೆದ ಚೀಟಿ ಹಿಡ್ಕೊಂಡು ಹೋಗಿ ಅಂತ. ಕಾರ್ಬೊರೇಟರ್ ಕಾಲದಲ್ಲಿ ಶಬ್ದ ಕೇಳಿಯೇ ರೋಗ ಹೇಳ್ತಿದ್ದ ಕೈಗಳು ನಮ್ಮ ತಾಲೂಕುಗಳಲ್ಲಿ ಇನ್ನೂ ಇವೆ. ಸ್ಕ್ಯಾನರ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಆ ಕೈಗಳಿಗೆ ಕೆಲಸ ತಪ್ಪಬಾರದು. ನಾಲ್ಕೈದು ಗ್ಯಾರೇಜಿನವರು ಸೇರಿ ಒಂದು ಒಳ್ಳೇ ಸ್ಕ್ಯಾನರ್ ಕೊಂಡ್ಕೋಬಹುದು. ಐಟಿಐಗಳಲ್ಲಿ ಹುಡುಗರಿಗೆ ಸ್ಪ್ಯಾನರ್ ಜೊತೆ ಮಲ್ಟಿಮೀಟರನ್ನೂ ಗಟ್ಟಿಯಾಗಿ ಕಲಿಸಬೇಕು.

ನನಗೆ ಇನ್ನೊಂದು ಕೊರತೆ ಕಾಣೋದು ಭಾಷೇದು. ಕೋಡು ತೋರಿಸಿದ ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಚಿಕ್ಕಪ್ಪನಿಗೆ ಪಿ 0135 ಅಂದ್ರೆ ಏನು ಅಂತ ಗೊತ್ತಾಗದೆ ಇದ್ದದ್ದಕ್ಕೆ ಕಾರಣ ಅವರ ಬುದ್ಧಿ ಅಲ್ಲ. 'ಸೆನ್ಸರ್ ಬಿಸಿ ಮಾಡೋ ವೈರಿನಲ್ಲಿ ತೊಂದರೆ' ಅಂತ ಕನ್ನಡದಲ್ಲಿ ಬರೆದಿದ್ರೆ ಅವರೇ ವೈರು ಹುಡುಕ್ತಿದ್ರು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ರಿಪೇರಿ ಮಾಡೋ ಮನುಷ್ಯ ಅವರು! ಸಾಮಾನ್ಯವಾಗಿ ಬರೋ ಐವತ್ತು ಕೋಡುಗಳನ್ನ ಕನ್ನಡದಲ್ಲಿ ಬರೆದು, ಪ್ರತಿಯೊಂದರ ಕೆಳಗೆ 'ಮೊದಲು ಇದನ್ನ ನೋಡಿ' ಅಂತ ಎರಡು ಸಾಲು ಹಾಕಬೇಕು ಅಂತ ಶುರು ಮಾಡಿದ್ದೀನಿ. ಹನ್ನೆರಡು ಆಗಿದೆ. ಮುಗಿದ ಮೇಲೆ ಇಲ್ಲೇ ಹಾಕ್ತೀನಿ. ನಿಮ್ಮ ಗಾಡಿಯಲ್ಲಿ ಬಂದ ಕೋಡು, ಕೊನೆಗೆ ಸಿಕ್ಕ ಕಾರಣ ಎರಡನ್ನೂ ಬರೆದು ಕಳಿಸಿದ್ರೆ ಅದನ್ನೂ ಸೇರಿಸ್ತೀನಿ.