ಹಳೆಯ ಕಾರಿನ ಎ.ಸಿ.: ಬಿಡಿಭಾಗದ ಮಾರಾಟವೇ, ವಿಶ್ವಾಸದ ವ್ಯವಹಾರವೇ?

ಬೇಸಿಗೆ ಆರಂಭವಾಗುತ್ತಿದ್ದಂತೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಿಡಿಭಾಗದ ಅಂಗಡಿಗಳವರೆಗೆ ಒಂದೇ ಬೇಡಿಕೆ ಕೇಳಿಬರುತ್ತದೆ: “ಹಳೆಯ ಕಾರು, ಎ.ಸಿ. ಕೆಟ್ಟಿದೆ, ಕಡಿಮೆ ಬೆಲೆಯ ಕಂಪ್ರೆಸರ್ ಕೊಡಿ.” ನಾವು ಕೊಡುತ್ತೇವೆ. ಕೆಲವೇ ವಾರಗಳಲ್ಲಿ ಅದೇ ಕಂಪ್ರೆಸರ್ ಕೆಟ್ಟು ಮರಳಿ ಬಂದಾಗ ಗ್ರಾಹಕ ಮೆಕ್ಯಾನಿಕ್‌ನನ್ನೂ, ಮೆಕ್ಯಾನಿಕ್ ವರ್ತಕನನ್ನೂ ದೂರುತ್ತಾನೆ. ಈ ಜಗಳಕ್ಕೆ ಅನೇಕ ವೇಳೆ ಕಾರಣ ಕಳಪೆ ಸರಕಲ್ಲ, ಅರೆಬರೆ ದುರಸ್ತಿ.

ಕಂಪ್ರೆಸರ್ ಒಳಗೆ ಸವೆದು ಕೆಟ್ಟಾಗ ಲೋಹದ ಪುಡಿಯು ಎಣ್ಣೆಯೊಡನೆ ಕಂಡೆನ್ಸರ್ ಮತ್ತು ಎಕ್ಸ್‌ಪ್ಯಾನ್ಷನ್ ವಾಲ್ವ್‌ಗಳನ್ನು ಸೇರುತ್ತದೆ. ಸೂಕ್ಷ್ಮ ನಾಳಗಳುಳ್ಳ ಇತ್ತೀಚಿನ ಕಂಡೆನ್ಸರ್‌ಗಳನ್ನು ತೊಳೆದು ಪೂರ್ಣ ಶುದ್ಧಗೊಳಿಸುವುದು ದುಸ್ಸಾಧ್ಯ. ವ್ಯವಸ್ಥೆಯನ್ನು ತೆರೆದಿಟ್ಟಾಗ ರಿಸೀವರ್ ಡ್ರೈಯರ್ ಗಾಳಿಯ ತೇವವನ್ನು ಹೀರಿ ನಿರುಪಯುಕ್ತವಾಗುತ್ತದೆ. ಉಳಿದ ತೇವವು ಗ್ಯಾಸ್ ಹಾಗೂ ಎಣ್ಣೆಯೊಡನೆ ಸೇರಿ ಆಮ್ಲವನ್ನುಂಟುಮಾಡುತ್ತದೆ. ಆದ್ದರಿಂದ ಇಂತಹ ಸಂದರ್ಭದಲ್ಲಿ ಡ್ರೈಯರ್, ವಾಲ್ವ್, ಓ-ರಿಂಗ್‌ಗಳನ್ನೂ, ಅಗತ್ಯವಿದ್ದಲ್ಲಿ ಕಂಡೆನ್ಸರನ್ನೂ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವವನ್ನು ತೆಗೆದ ನಂತರವೇ ಗ್ಯಾಸ್ ತುಂಬಬೇಕು. ಹಾಗೆಂದು, ಕೇವಲ ಓ-ರಿಂಗ್ ಸೋರುತ್ತಿರುವ ಕಾರಿಗೆ ಕಂಪ್ರೆಸರ್ ಮಾರುವುದು ವ್ಯಾಪಾರವಲ್ಲ, ವಂಚನೆ.

ಗ್ಯಾಸ್ ವಿಷಯದಲ್ಲಂತೂ ಹೆಚ್ಚಿನ ಎಚ್ಚರಿಕೆ ಅವಶ್ಯ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಓಝೋನ್ ಪದರಕ್ಕೆ ಹಾನಿಕರವಾದ ಆರ್-12 ಹಿಂದೆ ಸರಿದು ಆರ್-134ಎ ಬಳಕೆಗೆ ಬಂದಿತು. ಹಳೆಯ ಗ್ಯಾಸಿಗೆ ಹೊಂದುವ ಖನಿಜ ಎಣ್ಣೆ ಹೊಸದರೊಡನೆ ಬೆರೆಯದು. ಎಣ್ಣೆ ಬದಲಿಸದೆ ಗ್ಯಾಸ್ ಮಾತ್ರ ಬದಲಿಸಿದರೆ ಕಂಪ್ರೆಸರ್ ಒಣಗಿ ಸವೆಯುತ್ತದೆ. ಆರ್-134ಎ ಕೂಡ ಭೂಮಿಯ ತಾಪವನ್ನು ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಭಾರತವು 2021ರಲ್ಲಿ ಕಿಗಾಲಿ ತಿದ್ದುಪಡಿಯನ್ನು ಅನುಮೋದಿಸಿದ್ದು, ಇಂತಹ ಗ್ಯಾಸ್‌ಗಳ ಬಳಕೆಗೆ 2028ರಿಂದ ಮಿತಿ ಬೀಳಲಿದೆ, 2032ರಿಂದ ಹಂತಹಂತವಾಗಿ ಕಡಿತವಾಗಲಿದೆ. ಸೋರಿಕೆಯನ್ನು ಸರಿಪಡಿಸದೆ ವರ್ಷವರ್ಷವೂ ಗ್ಯಾಸ್ ತುಂಬುವ ಪದ್ಧತಿಗೆ ಇನ್ನು ಭವಿಷ್ಯವಿಲ್ಲ.

“ಹಳೆಯ ಕಾರಿಗೆ ಗ್ರಾಹಕ ಅಷ್ಟು ಹಣ ತೆರುವನೇ?” ಎಂಬ ಪ್ರಶ್ನೆ ಸಹಜವೇ. ತೆರದಿರಬಹುದು. ಆದರೆ ತೀರ್ಮಾನ ಅವನದಾಗಲಿ. ಪೂರ್ಣ ದುರಸ್ತಿಗೊಂದು, ಭಾಗಶಃ ದುರಸ್ತಿಗೊಂದು, ಹೀಗೆ ಎರಡು ಅಂದಾಜು ಪಟ್ಟಿಗಳನ್ನು ಬರೆದುಕೊಟ್ಟು, ಯಾವುದಕ್ಕೆ ಗ್ಯಾರಂಟಿ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿದರೆ ಜಗಳದ ಮೂಲವೇ ಇಲ್ಲವಾಗುತ್ತದೆ.

ಇದಕ್ಕೆಲ್ಲ ಬಿಲ್ ಅತ್ಯಗತ್ಯ. ಬಿಲ್ ಇಲ್ಲದ ಸರಕಿಗೆ ತಯಾರಕರಿಂದ ಬದಲಿ ಕೇಳುವ ಹಕ್ಕನ್ನು ವರ್ತಕನೇ ಕಳೆದುಕೊಳ್ಳುತ್ತಾನೆ. ತೆರಿಗೆ ಹೆಚ್ಚೆಂಬುದು ನಮ್ಮ ಹಳೆಯ ಸಮಜಾಯಿಷಿ. 2025ರ ಸೆಪ್ಟೆಂಬರ್ 22ರಿಂದ, ಶೇ. 28ರ ಜಿ.ಎಸ್.ಟಿ. ಇದ್ದ ವಾಹನ ಬಿಡಿಭಾಗಗಳೂ ಶೇ. 18ಕ್ಕೆ ಇಳಿದಿರುವಾಗ ಆ ಮಾತಿಗೆ ಮೊದಲಿನ ಬಲವಿಲ್ಲ.

ಬಿಡಿಭಾಗ ತಯಾರಕರು, ವರ್ತಕರು ಮತ್ತು ಗ್ಯಾರೇಜ್ ಮಾಲೀಕರನ್ನು ಒಂದೆಡೆ ಸೇರಿಸಿ, ಸಾಮಾನ್ಯ ಅಂದಾಜು ಪಟ್ಟಿ ಹಾಗೂ ಗ್ಯಾರಂಟಿ ಪತ್ರದ ಮಾದರಿಯೊಂದನ್ನು ನಮ್ಮ ಸಂಸ್ಥೆಯು ಬರುವ ಬೇಸಿಗೆಗೆ ಮುನ್ನವೇ ರೂಪಿಸಲಿ. ಅಧಿಕೃತ ಸರ್ವೀಸ್ ಕೇಂದ್ರಗಳ ಪೈಪೋಟಿಯಲ್ಲಿ ಸಣ್ಣ ವರ್ತಕನನ್ನು ಉಳಿಸುವುದು ಕಡಿಮೆ ಬೆಲೆಯೊಂದೇ ಅಲ್ಲ. ಕೊಟ್ಟ ಮಾತಿಗೆ ನಿಲ್ಲುವ ಅಂಗಡಿಯೆಂಬ ಹೆಸರೂ ಹೌದು.