ತಮಟೆ ಕಾಯಿಸಲು ಜಾಗವಿಲ್ಲದ ಸ್ಟುಡಿಯೋದಲ್ಲಿ ಕ್ರಾಂತಿಯ ಆಲ್ಬಂ

ಕನ್ನಡದಲ್ಲಿ ರಾಜಕೀಯ ಮಾತಾಡುವ ರಾಕ್ ಬ್ಯಾಂಡ್ ಯಾಕಿಲ್ಲ ಅಂತ ಬೆಂಗಳೂರಿನ ಸಂಗೀತಪ್ರಿಯರು ಆಗಾಗ ಕೊರಗುತ್ತಾರೆ. ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ. ಕನ್ನಡದವರಿಗೆ ಸಿನಿಮಾ ಹಾಡು ಸಾಕು, ಹಳ್ಳಿಯವರಿಗೆ ಗಿಟಾರ್ ಹಿಡಿಸಲ್ಲ, ದುಡ್ಡು ಹಾಕುವವರು ಸಿಗಲ್ಲ. ತ್ಯಾಮಗೊಂಡ್ಲುವಿನಲ್ಲಿ ಕೂತು ಇದನ್ನು ಕೇಳಿದರೆ ನಗು ಬರುತ್ತದೆ. ಗಣೇಶನ ಪೆಂಡಾಲಿನಿಂದ ರಾಜ್ಯೋತ್ಸವದ ತನಕ ಗಿಟಾರ್, ಕೀಬೋರ್ಡ್, ರಿದಂ ಪ್ಯಾಡ್ ಇಲ್ಲದ ವೇದಿಕೆ ನಮ್ಮ ಹೋಬಳಿಯಲ್ಲಿ ಎಲ್ಲಿದೆ? ದುಡ್ಡಿನ ಮಾತು ಅರ್ಧ ನಿಜ. ಉಳಿದದ್ದು ನೆಪ.

ನಮ್ಮ ವಾದ ಬೇರೆ. ಒಂದು ಆಲ್ಬಂ ರಾಜಕೀಯದ್ದು ಆಗುವುದು ಹಾಡಿನ ಸಾಲುಗಳಿಂದಷ್ಟೇ ಅಲ್ಲ. ರೆಕಾರ್ಡಿಂಗ್ ಕೋಣೆಯೊಳಗೆ ಯಾರು ನಿಂತಿದ್ದರು, ಯಾರ ವಾದ್ಯಕ್ಕೆ ಮೈಕ್ ಇಟ್ಟರು, ಹೆಸರು ಯಾರದ್ದು ಬಂತು, ದುಡ್ಡು ಯಾರಿಗೆ ಹೋಯಿತು ಎನ್ನುವುದರಿಂದ. ಈ ಪರೀಕ್ಷೆಗೆ ಒಡ್ಡಿದರೆ ನಮ್ಮ ಬ್ಯಾಂಡುಗಳು ಎಲ್ಲಿ ಸೋತಿವೆ ಅಂತ ಕಾಣುತ್ತದೆ.

ಮೊದಲು ಪಕ್ಕದ ರಾಜ್ಯ ನೋಡೋಣ. ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಂಸ್ಥೆ ಮತ್ತು ಸಂಗೀತಗಾರ ಟೆನ್ಮಾ ಸೇರಿ ಕಟ್ಟಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿ 6ರಂದು ಚೆನ್ನೈನ ಕೀಲ್ಪಾಕ್‌ನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟಿತು. ಜಾತಿಭೇದವಿಲ್ಲದ ತಮಿಳರು ಎಂಬ ಅಯೋತ್ತಿ ದಾಸರ ಮಾತಿನಿಂದ ಬಂದ ಹೆಸರು ಅದು. ಆಡಿಷನ್ ಮಾಡಿ ಆರಿಸಿದ 19 ಜನರ ತಂಡ. ಉತ್ತರ ಚೆನ್ನೈನ ಗಾನಾ ಹಾಡುಗಾರರು, ರ‍್ಯಾಪರ್‌ಗಳು, ಗಿಟಾರ್ ಮತ್ತು ಡ್ರಮ್ಸ್ ನುಡಿಸುವವರು, ಜೊತೆಗೆ ಪರೈ, ಸಟ್ಟಿ, ಕಟ್ಟ ಮೊಳ ಬಾರಿಸುವವರು. ಗಾನಾ ಸಾವಿನ ಮನೆಯ ಹಾಡು. ಸಟ್ಟಿ, ಕಟ್ಟ ಮೊಳ ಶವಯಾತ್ರೆಯ ವಾದ್ಯಗಳು. ಊರು ಅಪಶಕುನ ಅಂದದ್ದನ್ನು ಅವರು ವೇದಿಕೆಯ ಮುಂಸಾಲಿಗೆ ತಂದರು. ಮೀಸಲಾತಿ ಬಗ್ಗೆ ಹಾಡಿದರು, ದನದ ಮಾಂಸದ ಬಗ್ಗೆ ಹಾಡಿದರು. ಅದರ ಗಾಯಕಿ ಇಸೈವಾಣಿ 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಗೆ ಬಂದರು. ಅಯ್ಯಪ್ಪನ ಕುರಿತ ಹಾಡಿಗೆ ವರ್ಷಗಳ ನಂತರ, 2024ರಲ್ಲಿ, ಬೆದರಿಕೆಯನ್ನೂ ಎದುರಿಸಿದರು. ಇಲ್ಲಿ ಗಮನಿಸಬೇಕಾದ್ದು, ಸಟ್ಟಿ ಬಾರಿಸಿದವರು ಬ್ಯಾಂಡಿನ ಸದಸ್ಯರು. ದಿನಗೂಲಿಗೆ ಬಂದು ಎರಡು ಟೇಕ್ ಕೊಟ್ಟು ಬಸ್ ಹತ್ತಿದವರಲ್ಲ.

ಈಗ ನಮ್ಮ ಕಡೆ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ 'ಅಂತರಾಗ್ನಿ' ಬಂತು, 2009ರಲ್ಲಿ ಸ್ವರಾತ್ಮದ ಮೊದಲ ಆಲ್ಬಂ. ಎರಡನ್ನೂ ನಾವು ಕೇಳಿಕೇಳಿ ಸವೆಸಿದ್ದೇವೆ. ಶಿಶುನಾಳ ಶರೀಫರನ್ನು ಕಾಲೇಜು ಹುಡುಗರ ಇಯರ್‌ಫೋನಿಗೆ ತಂದ ಕೆಲಸ ಸಣ್ಣದಲ್ಲ. ಸ್ವರಾತ್ಮ 2012ರ 'ಟೋಪಿವಾಲೆ'ಯಲ್ಲಿ ರಾಜಕಾರಣಿಗಳನ್ನು ನೇರವಾಗಿಯೇ ಗೇಲಿ ಮಾಡಿತು. ಆದರೆ ರಾಜಕಾರಣಿಯನ್ನು ಬೈಯುವುದು ಈ ದೇಶದ ಅತ್ಯಂತ ಅಗ್ಗದ ರಾಜಕೀಯ. ಟೋಪಿ ಹಾಕುವವರು ಅಂದಾಗ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಟೋಪಿ ಹಾಕಿದವರೂ ಸೇರಿ. ಕೇಳುಗ ಮನೆಯಲ್ಲಿ ಇಟ್ಟುಕೊಂಡ ಎರಡನೇ ಲೋಟದ ಬಗ್ಗೆ ಹಾಡಿ ನೋಡಿ, ಯಾರ ಕೈ ಎಷ್ಟು ಮೇಲೇಳುತ್ತದೆ ಅಂತ. ಶರೀಫರ ವಿಷಯವೂ ಹಾಗೇ. ಸತ್ತು ಒಂದೂಕಾಲು ಶತಮಾನ ಕಳೆದ ಬಂಡಾಯಗಾರ ಯಾರಿಗೂ ತೊಂದರೆ ಕೊಡಲ್ಲ.

ಅಸಲಿಗೆ ನಮ್ಮ ಭಾಗದ ಚೊಚ್ಚಲ ಆಲ್ಬಂ 1975ರಲ್ಲೇ ಬಂದಿದೆ. ಪಕ್ಕದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ಅವರ 'ಹೊಲೆಮಾದಿಗರ ಹಾಡು'. ಪುಸ್ತಕವಾಗಿ ಬಂದರೂ ಅದು ಓದಿಸಿಕೊಂಡದ್ದಕ್ಕಿಂತ ಹಾಡಿಸಿಕೊಂಡದ್ದೇ ಹೆಚ್ಚು. ದಲಿತ ಸಂಘರ್ಷ ಸಮಿತಿಯ ಸಭೆ, ಜಾಥಾಗಳಲ್ಲಿ ತಮಟೆಯ ಏಟಿಗೆ ಊರೂರು ಸುತ್ತಿತು. ಲೇಬಲ್ ಇಲ್ಲ, ಪ್ರಾಯೋಜಕರಿಲ್ಲ, ಆಂಪ್ಲಿಫೈಯರ್ ಕೂಡ ಎಷ್ಟೋ ಕಡೆ ಇರಲಿಲ್ಲ. ಕನ್ನಡದವರು ಗಟ್ಟಿ ಸದ್ದಿನ ರಾಜಕೀಯ ಹಾಡು ಕೇಳಲ್ಲ ಎನ್ನುವವರು ಈ ಇತಿಹಾಸವನ್ನು ಎಲ್ಲಿ ಇಡುತ್ತಾರೆ? ಹೋರಾಟದ ಹಾಡು ಎಂಬ ಬೇರೆ ಗೂಡಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ಸಂಗೀತದ ಚರ್ಚೆಗೆ ಅದು ಬರಕೂಡದು.

ಹಾಗಾದರೆ ತಮಟೆಯನ್ನು ಸ್ಟುಡಿಯೋಗೆ ಕರೆಯಿರಿ ಅಂದರೆ ಸೌಂಡ್ ಇಂಜಿನಿಯರ್‌ಗಳು ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಪೂರ್ತಿ ಸುಳ್ಳೇನಲ್ಲ. ತಮಟೆಯ ಏಟು ಚುರುಕು, ಮೈಕ್ ಹತ್ತಿರ ಇಟ್ಟರೆ ಸದ್ದು ಒಡೆಯುತ್ತದೆ. ದೂರ ಇಟ್ಟರೆ ಗೋಡೆಯ ಮಾರ್ದನಿ ತುಂಬಿಕೊಳ್ಳುತ್ತದೆ. ಗಿಟಾರ್ ಜೊತೆ ಒಂದೇ ಕೋಣೆಯಲ್ಲಿ ನುಡಿಸಿದರೆ ಎಲ್ಲ ಮೈಕಿನಲ್ಲೂ ತಮಟೆಯೇ. ದಪ್ಪ ಕೋಲು ಒಂದು ಕೈಯಲ್ಲಿ, ಸಣ್ಣ ಕಡ್ಡಿ ಇನ್ನೊಂದು ಕೈಯಲ್ಲಿ ಹಿಡಿದು ಎದುರಿನವನ ಹೆಜ್ಜೆ ನೋಡಿ ವೇಗ ಏರಿಸುವ ಕಲಾವಿದನಿಗೆ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕೇಳಿಸಿ ಅದೇ ವೇಗದಲ್ಲಿ ಬಾರಿಸು ಅಂದರೆ ಅವನ ಕೈ ಕಟ್ಟಿದಂತೆ. ಎಲ್ಲಕ್ಕಿಂತ ದೊಡ್ಡದು ಬೆಂಕಿ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ನಾದ ಹೊರಡಲ್ಲ. ಎಸಿ ಕೋಣೆಯಲ್ಲಿ ಅದು ತಣ್ಣಗಾಗಿ ಕೆಳಗಿಳಿಯುತ್ತದೆ, ಮತ್ತೆ ಕಾಯಿಸಬೇಕು. ಮೂರನೇ ಮಹಡಿಯ ಸ್ಟುಡಿಯೋದಲ್ಲಿ ಹುಲ್ಲು ಹೊತ್ತಿಸುವುದು ಎಲ್ಲಿ? ಹಾಗಾಗಿ ಕಂಪ್ಯೂಟರಿನೊಳಗೆ ಮೊದಲೇ ತುಂಬಿಟ್ಟ ಸದ್ದು ಎಳೆದು ಹಾಕಿ 'ಫೋಕ್ ಫೀಲ್' ಅಂತ ಮುಗಿಸುತ್ತಾರೆ.

ಆದರೆ ಇವೆಲ್ಲ ಪರಿಹಾರ ಇರುವ ತೊಂದರೆಗಳು. ಡ್ರಮ್ ಸೆಟ್ಟಿಗೆ ಎಂಟು ಮೈಕ್ ಇಟ್ಟು ಅರ್ಧ ದಿನ ಅದನ್ನೇ ಹೊಂದಿಸುವವರು ತಮಟೆಗೆ ಒಂದು ಗಂಟೆ ಕೊಡಲ್ಲ ಅಂದರೆ ಅದು ತಂತ್ರಜ್ಞಾನದ ಕೊರತೆಯಲ್ಲ. ಟಿಕ್ ಟಿಕ್ ತೆಗೆದುಹಾಕಿ, ತಮಟೆಯನ್ನು ಮೊದಲು ರೆಕಾರ್ಡ್ ಮಾಡಿ, ಗಿಟಾರ್‌ನವರು ಅದನ್ನು ಹಿಂಬಾಲಿಸಲಿ. ತೆಂಗಿನ ತೋಟದ ಮನೆಯಲ್ಲಿ ಮೈಕ್ ಹೂಡಿ, ಹಿತ್ತಲಲ್ಲಿ ಬೆಂಕಿ ಹಾಕಿ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದು ಬರುವುದು ದಲಿತ ಕೇರಿಗಳ ಒಳಗಿನಿಂದಲೇ. ಸಾವಿಗೆ, ಜಾತ್ರೆಗೆ ಬಿಟ್ಟಿಯಾಗಿ ತಮಟೆ ಬಾರಿಸುವುದು ಹೇರಿದ ಚಾಕರಿ. ಅದನ್ನು ಕೆಳಗಿಡಲು ಒಂದು ತಲೆಮಾರು ಏಟು ತಿಂದಿದೆ. ಈಗ ಕಲೆಯ ಹೆಸರಿನಲ್ಲಿ ಮತ್ತೆ ಹೆಗಲಿಗೆ ಹಾಕುತ್ತೀರಾ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಫ್ಲೆಕ್ಸ್ ಕಟ್ಟಿದ ಊರುಗಳಲ್ಲೂ ಸಾವಾದರೆ ಫೋನ್ ಹೋಗುವುದು ಅದೇ ಕೇರಿಗೆ. ಹಾಗಾಗಿ ತಮಟೆ ಬೇಕು ಅನ್ನುವ ಬ್ಯಾಂಡು ಅದನ್ನು ಬಾರಿಸುವವನು ಬೇಡ ಅನ್ನಬಹುದಾದ ಸ್ಥಿತಿಯನ್ನೂ ತರಬೇಕು. ಹಾಡು ಯಾವುದಿರಬೇಕು ಅಂತ ಹೇಳುವ ಹಕ್ಕು ಅವನಿಗಿದ್ದರೆ ಅದು ಬ್ಯಾಂಡು. ಇಲ್ಲದಿದ್ದರೆ ಮೈಕಿನ ಮುಂದೆ ನಡೆದ ಅದೇ ಹಳೇ ಚಾಕರಿ.

ಹೆಸರು ಮತ್ತು ದುಡ್ಡು ಎಷ್ಟು ಸಲೀಸಾಗಿ ಕೈತಪ್ಪುತ್ತವೆ ಎನ್ನುವುದಕ್ಕೆ ಚೆನ್ನೈನದ್ದೇ ಉದಾಹರಣೆ. ಕಾಸ್ಟ್‌ಲೆಸ್ ಕಲೆಕ್ಟಿವ್‌ನಿಂದ ಬಂದ ಅರಿವು 'ಎಂಜಾಯ್ ಎಂಜಾಮಿ' ಬರೆದರು, ಹಾಡಿದರು. ಭೂಮಿ ಇಲ್ಲದವರ ಹಾಡು ಅದು. 2021ರ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಮುಖಪುಟದಲ್ಲಿ ಅವರ ಚಿತ್ರವೇ ಇರಲಿಲ್ಲ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಅರಿವು ಅವರ ಡಿಜಿಟಲ್ ಮುಖಪುಟ ಬಂತು. ಕೋಟಿಗಟ್ಟಲೆ ಜನ ನೋಡಿದ ಆ ಹಾಡಿನಿಂದ ತಮಗ್ಯಾರಿಗೂ ಒಂದು ರೂಪಾಯಿ ಬಂದಿಲ್ಲ ಅಂತ ಸಂಗೀತಗಾರ ಸಂತೋಷ್ ನಾರಾಯಣನ್ 2024ರಲ್ಲಿ ಹೇಳಿದರು. ಅಷ್ಟು ಹೆಸರು ಮಾಡಿದವರ ಗತಿ ಇದಾದರೆ ದೊಡ್ಡಬಳ್ಳಾಪುರದ ತಮಟೆ ತಂಡದ್ದು ಏನಾದೀತು?

ವಿಷಯಕ್ಕೇನು ಬರ? ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಗೆದ್ದ ಹೋರಾಟ, ನಮ್ಮದೇ ಜಿಲ್ಲೆಯದ್ದು. ಇತ್ತ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಕ್ಕೆ ಹೊಲ ಕೊಟ್ಟ ಮನೆಯ ಹುಡುಗ ಅದೇ ಹೊಲದ ಗೇಟಿನಲ್ಲಿ ಗುತ್ತಿಗೆ ಸೆಕ್ಯುರಿಟಿ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯ ಗತಿ ಬೇರೆ ಹೇಳಬೇಕೆ?

ನಮ್ಮ ಸುತ್ತಮುತ್ತ ಬ್ಯಾಂಡ್ ಕಟ್ಟುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಮೊದಲ ಹಾಡು ಬರೆಯುವ ಮುಂಚೆ ಒಂದು ಹಾಳೆ ಬರೆಯಿರಿ. ಯಾರ‍್ಯಾರು ಸದಸ್ಯರು, ಯಾರ ಪಾಲು ಎಷ್ಟು ಅಂತ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿ ಬರೆಸಿಕೊಂಡು ಹೋಗದಂತೆ ತಡೆಯುತ್ತದೆ. ವಾಣಿಜ್ಯ ಬಳಕೆಯಾದರೆ ನುಡಿಸಿದವರಿಗೂ ರಾಯಲ್ಟಿಯ ಹಕ್ಕಿದೆ. ಹಾಡಿನ ಮುಂದೆ 'ಜನಪದ' ಅಂತ ಹಾಕುವ ಮುನ್ನ ಆ ಏಟು, ಆ ಸೊಲ್ಲು ಯಾವ ಕೇರಿಯ ಯಾರಿಂದ ಕಲಿತದ್ದು ಅಂತ ಕೇಳಿ, ಅವರು ಒಪ್ಪಿದರೆ ಆ ಹೆಸರು ಬರೆಯಿರಿ. ತಮಟೆಯವರ ಹೆಸರು ಗಿಟಾರ್‌ನವರ ಪಕ್ಕದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಇರಲಿ. ರೆಕಾರ್ಡಿಂಗಿಗೆ ಹಿತ್ತಲಿರುವ ಮನೆ ಬೇಕಾದರೆ ನಮಗೆ ಹೇಳಿ, ಹುಡುಕಿಕೊಡುತ್ತೇವೆ.